ಊಟದಿಂದ ಡಿಎನ್‌ಎ ಕಾಪಾಡಿಕೊಳ್ಳಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ನಾನು ಓದುತ್ತಿರುತ್ತೇನೆ ಅಂತ ಗೊತ್ತಾದಾಗಿನಿಂದ ಪ್ರಶ್ನೆಗಳು ನಿಂತಿಲ್ಲ. ಯಾವ ಹಣ್ಣು ತಿಂದರೆ ಜೀನ್ ಸರಿಹೋಗುತ್ತದೆ, ಯಾವ ಮಾತ್ರೆ ಒಳ್ಳೆಯದು, ಫಾರ್ವರ್ಡ್ ಆಗಿ ಬಂದ ಆ ವಿಡಿಯೋ ನಿಜಾನಾ, ಹೀಗೆ. ಒಂದೇ ಉತ್ತರವನ್ನು ಹತ್ತು ಜನಕ್ಕೆ ಹತ್ತು ಸಲ ಟೈಪ್ ಮಾಡಿ ಸಾಕಾಯಿತು, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮಗೆ ಈಗಾಗಲೇ ಕಾಯಿಲೆ ಇದ್ದರೆ ನಿಮ್ಮ ಡಾಕ್ಟರ್ ಮಾತೇ ಮೊದಲು.

ಜೀನ್ ಹುಟ್ಟಿನಿಂದಲೇ ಬರೋದು ಅಲ್ವಾ? ಮತ್ತೆ ಅದು ಹಾಳಾಗೋದು ಹೇಗೆ?

ಇಲ್ಲಿ ಎರಡು ಬೇರೆ ವಿಷಯಗಳು ಕಲಸಿಹೋಗುತ್ತವೆ. ಒಂದು, ಅಪ್ಪ ಅಮ್ಮನಿಂದ ಬಂದ ಜೀನ್. ಅದರಲ್ಲೇ ತಪ್ಪಿದ್ದರೆ ಆ ತಪ್ಪು ಮೈಯ ಎಲ್ಲ ಕೋಶಗಳಲ್ಲೂ ಇರುತ್ತದೆ, ಏನು ತಿಂದರೂ ಅಳಿಸಿಹೋಗುವುದಿಲ್ಲ. ಇನ್ನೊಂದು, ನಾವು ಬದುಕಿರುವಷ್ಟು ದಿನ ಒಂದೊಂದು ಕೋಶದೊಳಗೆ ಡಿಎನ್‌ಎ ಮೇಲೆ ಬೀಳುವ ಸಣ್ಣ ಸಣ್ಣ ಪೆಟ್ಟು. ಈ ಪುಟದಲ್ಲಿ ಹೆಚ್ಚಾಗಿ ಮಾತಾಡುವುದು ಈ ಎರಡನೆಯದರ ಬಗ್ಗೆ.

ಒಂದು ಕೋಶದಲ್ಲಿ ಎರಡು ಪ್ರತಿ ಸೇರಿ ಸುಮಾರು 600 ಕೋಟಿ ಅಕ್ಷರಗಳ ಡಿಎನ್‌ಎ ಇದೆ. ಅದಕ್ಕೆ ದಿನಕ್ಕೆ ಸಾವಿರಾರು, ಕೆಲವು ಲೆಕ್ಕದ ಪ್ರಕಾರ ಹತ್ತಾರು ಸಾವಿರ ಪೆಟ್ಟು ಬೀಳುತ್ತವೆ. ಇದಕ್ಕೆ ವಿಷವೇ ಬೇಕು ಅಂತಿಲ್ಲ. ಕೋಶದೊಳಗಿನ ನೀರು, ನಾವು ಉಸಿರಾಡುವ ಆಕ್ಸಿಜನ್, ಮೈಯ ಬಿಸಿ, ಇಷ್ಟೇ ಸಾಕು. ಡಿಎನ್‌ಎ ಕಲ್ಲಿನ ಹಾಗೆ ಗಟ್ಟಿ ಅಂತ ಒಂದು ಕಾಲದಲ್ಲಿ ಎಲ್ಲರೂ ನಂಬಿದ್ದರು. ಅದು ಸುಮ್ನೆ ಇದ್ದಲ್ಲೇ ಸವೆಯುತ್ತಿರುತ್ತದೆ ಅಂತ ತೋರಿಸಿದವರು ತೋಮಾಸ್ ಲಿಂಡಾಲ್. ಇಷ್ಟು ಸವೆದರೂ ನಾವು ಬದುಕಿದ್ದೇವೆ ಅಂದರೆ ಒಳಗೆ ಯಾರೋ ರಿಪೇರಿ ಮಾಡುತ್ತಲೇ ಇರಬೇಕು ಅಂತ ಹುಡುಕಿ ಹೊರಟು, ಆ ರಿಪೇರಿಯ ಒಂದು ದಾರಿಯನ್ನೂ ಅವರೇ ಕಂಡುಹಿಡಿದರು. ಪಾಲ್ ಮಾಡ್ರಿಚ್ ಮತ್ತು ಅಜೀಜ್ ಸಂಜಾರ್ ಬೇರೆ ಎರಡು ದಾರಿ ತೋರಿಸಿದರು. 2015ರ ರಸಾಯನಶಾಸ್ತ್ರದ ನೊಬೆಲ್ ಮೂವರಿಗೂ ಸೇರಿ ಬಂತು.

ಒಂದು ಪೆಟ್ಟು ಅಂದರೆ ಹೇಗಿರುತ್ತದೆ? ಸ್ವಲ್ಪ ಬಿಡಿಸಿ ಹೇಳಿ.

ಡಿಎನ್‌ಎ ಅಂದರೆ ಎದುರುಬದುರು ನಿಂತ ಎರಡು ಎಳೆ, ಅದರಲ್ಲಿ ಎ, ಟಿ, ಜಿ, ಸಿ ಅಂತ ನಾಲ್ಕು ಅಕ್ಷರ. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಇದು ನಿಯಮ. ಈಗ ಒಂದು ಜಿ ಅಕ್ಷರಕ್ಕೆ ಒಂದೇ ಒಂದು ಆಕ್ಸಿಜನ್ ಪರಮಾಣು ಬಂದು ಅಂಟಿಕೊಂಡಿತು ಅಂದುಕೊಳ್ಳಿ. ನೋಡೋಕೆ ಇನ್ನೂ ಜಿ ಥರಾನೇ ಇದೆ. ಆದರೆ ಕೋಶ ಎರಡಾಗುವಾಗ, ನಕಲು ಮಾಡುವ ಎಂಜೈಮ್ ಅದನ್ನು ತಪ್ಪಾಗಿ ಓದಿ ಎದುರಿಗೆ ಸಿ ಬದಲು ಎ ಕೂರಿಸಿಬಿಡುತ್ತದೆ. ಮುಂದಿನ ನಕಲಿನಲ್ಲಿ ಆ ಎ ಎದುರಿಗೆ ಟಿ ಬರುತ್ತದೆ. ಮುಗೀತು, ಜಿ ಇದ್ದ ಜಾಗದಲ್ಲಿ ಟಿ ಕೂತಿತು, ಇನ್ನು ಅದು ತಪ್ಪು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಎಲ್ಲ ನಿಂತಿರುವುದು ಸಮಯದ ಮೇಲೆ. ಕೋಶ ನಕಲಾಗುವ ಮೊದಲೇ ರಿಪೇರಿ ತಂಡ ಬಂದು ಆ ಕೆಟ್ಟ ಜಿಯನ್ನು ಕತ್ತರಿಸಿ ಹೊಸದು ಹಾಕಿದರೆ ಏನೂ ಆಗಿಲ್ಲ ಅಂತಲೇ ಲೆಕ್ಕ. ತಡವಾದರೆ ಅದು ಶಾಶ್ವತ. ಇಂಥ ಬದಲಾವಣೆಗಳಲ್ಲಿ ಹೆಚ್ಚಿನವು ಏನೂ ಮಾಡುವುದಿಲ್ಲ. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಜೀನ್‌ನಲ್ಲೇ ಬಿದ್ದು, ಅದೇ ಕೋಶದಲ್ಲಿ ಇನ್ನಷ್ಟು ತಪ್ಪುಗಳೂ ಸೇರಿಕೊಂಡರೆ, ಆಗ ಕ್ಯಾನ್ಸರ್ ಕಡೆಗೆ ಹೋಗಬಹುದು.

ಹಾಗಾದರೆ ಯಾವ ಆಹಾರ ಡಿಎನ್‌ಎ ರಿಪೇರಿ ಮಾಡುತ್ತದೆ?

ಯಾವುದೂ ಇಲ್ಲ. ರಿಪೇರಿ ಮಾಡುವುದು ಮೈಯೇ. ಊಟದ ಕೆಲಸ ಎರಡು: ರಿಪೇರಿಯವರಿಗೆ ಸಾಮಾನು ಒದಗಿಸುವುದು, ಹೊಸ ಪೆಟ್ಟು ಬೀಳದ ಹಾಗೆ ನೋಡಿಕೊಳ್ಳುವುದು. ನಕಲು ಮಾಡುವ, ತೇಪೆ ಹಾಕುವ ಎಂಜೈಮ್‌ಗಳಿಗೆ ಮೆಗ್ನೀಸಿಯಂ ಬೇಕು. ಕೋಶದ ಕಾವಲುಗಾರ ಅನಿಸಿಕೊಂಡ ಪಿ53 ಪ್ರೋಟೀನ್ ತನ್ನ ಆಕಾರದಲ್ಲಿ ನಿಲ್ಲಬೇಕಾದರೆ ಅದರೊಳಗೆ ಒಂದು ಸತುವಿನ ಕಣ ಇರಬೇಕು. ಎಳೆ ತುಂಡಾದ ಜಾಗವನ್ನು ಗುರುತಿಸಿ ಕೂಗು ಹಾಕುವ ಇನ್ನೊಂದು ಎಂಜೈಮ್‌ಗೆ ನಿಯಾಸಿನ್, ಅಂದರೆ ಬಿ3 ವಿಟಮಿನ್‌ನಿಂದ ತಯಾರಾಗುವ ವಸ್ತು ಬೇಕು.

ಇವೆಲ್ಲ ಇಲ್ಲದಿದ್ದರೆ ತೊಂದರೆ. ಆದರೆ ಇದ್ದ ಮೇಲೆ ಇನ್ನೂ ಸುರಿದರೆ ಲಾಭ ಇಲ್ಲ. ಗಾರೆಯವನಿಗೆ ಒಂದು ಮೂಟೆ ಸಿಮೆಂಟ್ ಕಡಿಮೆ ಬಿದ್ದರೆ ಗೋಡೆ ನಿಲ್ಲುವುದಿಲ್ಲ, ಹಾಗಂತ ನೂರು ಮೂಟೆ ತಂದು ಹಾಕಿದರೆ ಗೋಡೆ ನೂರು ಪಟ್ಟು ಗಟ್ಟಿಯಾಗುತ್ತಾ? ಈ ಒಂದು ಮಾತು ನೆನಪಿಟ್ಟುಕೊಂಡರೆ ಕೆಳಗಿನ ಅರ್ಧ ಪ್ರಶ್ನೆಗಳನ್ನು ಓದುವುದೇ ಬೇಡ.

ಒಂದೇ ಒಂದು ಪೋಷಕಾಂಶ ಹೆಸರಿಸಿ ಅಂದರೆ?

ಫೋಲೇಟ್. ಬಿ9 ವಿಟಮಿನ್. ಇದರ ಕಥೆ ನನಗೆ ತುಂಬಾ ಇಷ್ಟ, ಸ್ವಲ್ಪ ಉದ್ದ ಆಗುತ್ತದೆ.

ಡಿಎನ್‌ಎಯ ಟಿ ಅಕ್ಷರವನ್ನು ಕೋಶ ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಕಚ್ಚಾ ವಸ್ತು ಯು ಅನ್ನುವ ಇನ್ನೊಂದು ಅಕ್ಷರ. ಯುಗೆ ಒಂದು ಸಣ್ಣ ಇಂಗಾಲದ ಬಾಲ ಅಂಟಿಸಿದರೆ ಟಿ. ಆ ಬಾಲವನ್ನು ಹೊತ್ತು ತಂದು ಕೊಡುವುದೇ ಫೋಲೇಟ್. ಫೋಲೇಟ್ ಕಡಿಮೆಯಾದರೆ ಟಿ ಕಡಿಮೆಯಾಗುತ್ತದೆ, ಯು ರಾಶಿ ಬೀಳುತ್ತದೆ. ನಕಲು ಮಾಡುವ ಎಂಜೈಮ್ ಕೈಗೆ ಸಿಕ್ಕಿದ್ದನ್ನು ಹಾಕುತ್ತಾ ಹೋಗುತ್ತದೆ, ಟಿ ಇರಬೇಕಾದಲ್ಲಿ ಯು ಕೂರುತ್ತದೆ. ರಿಪೇರಿ ತಂಡ ಬಂದು ಇದು ತಪ್ಪು ಅಂತ ಯುವನ್ನು ಕತ್ತರಿಸುತ್ತದೆ. ಮತ್ತೆ ತುಂಬಲು ಹೋದರೆ ಟಿ ಇಲ್ಲ, ಮತ್ತೆ ಯು. ಮತ್ತೆ ಕತ್ತರಿ. ಹೀಗೆ ಕತ್ತರಿಸುತ್ತಾ ಎರಡೂ ಎಳೆಗಳಲ್ಲಿ ಹತ್ತಿರ ಹತ್ತಿರ ಕತ್ತರಿ ಬಿದ್ದರೆ ಕ್ರೋಮೋಸೋಮೇ, ಅಂದರೆ ಇಡೀ ಡಿಎನ್‌ಎ ದಾರವೇ ತುಂಡಾಗುತ್ತದೆ. ಅಂದರೆ ಇಲ್ಲಿ ಕ್ರೋಮೋಸೋಮ್ ಮುರಿಯುವುದು ಹೊರಗಿನ ವಿಷದಿಂದಲ್ಲ, ಸಾಮಾನು ಸಿಗದೆ ಒದ್ದಾಡುವ ರಿಪೇರಿ ತಂಡದ ಕೈಯಿಂದಲೇ.

ಬ್ರೂಸ್ ಏಮ್ಸ್ ಮತ್ತು ಜೊತೆಗಾರರು ಫೋಲೇಟ್ ಕೊರತೆ ಇದ್ದ ಜನರ ರಕ್ತದಲ್ಲಿ ಇದನ್ನೇ ನೋಡಿ 1997ರಲ್ಲಿ ಪ್ರಕಟಿಸಿದರು. ಕೊರತೆ ತುಂಬಿದ ಮೇಲೆ ಡಿಎನ್‌ಎಯಲ್ಲಿ ಸೇರಿದ್ದ ಯು ಕಡಿಮೆಯಾಯಿತು.

ದೊಡ್ಡವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಬಸುರಿಯರಿಗೆ 600. ಸೊಪ್ಪು, ಕಾಳು, ಬೇಳೆ, ಕಿತ್ತಳೆಯಲ್ಲಿ ಧಾರಾಳವಾಗಿ ಇದೆ. ಒಂದೇ ತಕರಾರು, ಅದು ನೀರಿನಲ್ಲಿ ಕರಗುತ್ತದೆ. ಸೊಪ್ಪನ್ನು ತುಂಬಾ ನೀರಿನಲ್ಲಿ ಬೇಯಿಸಿದಾಗ ಪಾತ್ರೆಯಲ್ಲಿ ಹಸಿರು ನೀರು ಉಳಿಯುತ್ತದಲ್ಲ, ನಿಮ್ಮ ಫೋಲೇಟ್‌ನ ಒಳ್ಳೆಯ ಪಾಲು ಅಲ್ಲಿದೆ. ಅದನ್ನು ಸಿಂಕಿಗೆ ಬಗ್ಗಿಸಿ ಆಮೇಲೆ ಮಾತ್ರೆ ನುಂಗುವವರನ್ನು ನಾನು ಕಂಡಿದ್ದೇನೆ. ನಾನೂ ಅದೇ ಮಾಡುತ್ತಿದ್ದೆ, ಬಿಡಿ.

ಬಸುರಾಗುವ ಯೋಚನೆ ಇದೆ. ಊಟದ ಫೋಲೇಟ್ ಸಾಕಾ, ಮಾತ್ರೆ ಬೇಕಾ?

ಇಲ್ಲಿ ಮಾತ್ರೆ ಬೇಕು. ಮಾತ್ರೆ ಪರವಾಗಿ ನಾನು ಗಟ್ಟಿಯಾಗಿ ಮಾತಾಡುವ ಕೆಲವೇ ಜಾಗಗಳಲ್ಲಿ ಇದೊಂದು. ಮಗುವಿನ ಬೆನ್ನುಹುರಿ ಕೊಳವೆ ಮುಚ್ಚಿಕೊಳ್ಳುವುದು ಬಸಿರಿನ ಮೊದಲ ನಾಲ್ಕು ವಾರದಲ್ಲಿ, ಆ ಹೊತ್ತಿಗೆ ಎಷ್ಟೋ ಜನರಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಅದಕ್ಕೇ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಅಂದರೆ ಮಾತ್ರೆಯಲ್ಲಿರುವ ಫೋಲೇಟ್, ಶುರು ಮಾಡಬೇಕು. ಹಿಂದಿನ ಮಗುವಿಗೆ ಈ ಕೊಳವೆ ಸರಿಯಾಗಿ ಮುಚ್ಚಿಕೊಳ್ಳದ ತೊಂದರೆ ಆಗಿದ್ದ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 1991ರಲ್ಲಿ ಬಂತು. ಮತ್ತೆ ಅದೇ ತೊಂದರೆ ಆಗುವುದು ಶೇಕಡಾ 72ರಷ್ಟು ಕಡಿಮೆಯಾಗಿತ್ತು. 1998ರಿಂದ ಅಮೆರಿಕ, ಕೆನಡಾದಲ್ಲಿ ಹಿಟ್ಟಿಗೇ ಇದನ್ನು ಬೆರೆಸುವುದು ಕಡ್ಡಾಯವಾಯಿತು. ನಿಮಗೆ ಎಷ್ಟು ಡೋಸ್ ಅಂತ ಡಾಕ್ಟರ್ ಹೇಳುತ್ತಾರೆ, ನನ್ನನ್ನು ಕೇಳಬೇಡಿ.

ಬಿ12?

ಫೋಲೇಟ್‌ನ ಜೋಡಿದಾರ. ಬಿ12 ಇಲ್ಲದಿದ್ದರೆ ಫೋಲೇಟ್ ಒಂದು ರೂಪದಲ್ಲಿ ಸಿಕ್ಕಿಬಿದ್ದು ಕೆಲಸಕ್ಕೆ ಬಾರದ ಹಾಗಾಗುತ್ತದೆ. ಗಿಡಗಳಿಂದ ಬರುವ ಆಹಾರದಲ್ಲಿ ಇದು ಇಲ್ಲ ಅಂತಲೇ ಅನ್ನಬೇಕು. ಹಾಲು, ಮೊಟ್ಟೆಯನ್ನೂ ಬಿಟ್ಟವರು ಮಾತ್ರೆ ಅಥವಾ ಬಿ12 ಬೆರೆಸಿದ ಆಹಾರ ತೆಗೆದುಕೊಳ್ಳಲೇಬೇಕು, ಇದರಲ್ಲಿ ಚರ್ಚೆಯೇ ಇಲ್ಲ. ಇನ್ನೊಂದು, ಬಿ12 ಕೊರತೆ ಇದ್ದು ಬರೀ ಫೋಲಿಕ್ ಆಮ್ಲ ಜಾಸ್ತಿ ನುಂಗಿದರೆ ರಕ್ತ ಸರಿಯಾದ ಹಾಗೆ ಕಾಣುತ್ತದೆ, ಒಳಗೆ ನರ ಹಾಳಾಗುತ್ತಲೇ ಇರುತ್ತದೆ.

ಆಂಟಿಆಕ್ಸಿಡೆಂಟ್ ಮಾತ್ರೆ ತಿಂದರೆ ಡಿಎನ್‌ಎಗೆ ರಕ್ಷಣೆ ಸಿಗಲ್ವಾ?

ಎಲ್ಲರಿಗೂ ಹಾಗೇ ಅನಿಸಿತ್ತು. ಆಕ್ಸಿಜನ್‌ನಿಂದ ಪೆಟ್ಟು ಬೀಳುತ್ತದೆ, ಆಂಟಿಆಕ್ಸಿಡೆಂಟ್ ಅದನ್ನು ತಡೆಯುತ್ತದೆ, ಹಣ್ಣು ತರಕಾರಿ ತಿನ್ನುವವರಿಗೆ ಕ್ಯಾನ್ಸರ್ ಕಡಿಮೆ, ಹಾಗಾದರೆ ಅದರ ಸಾರವನ್ನು ಮಾತ್ರೆ ಮಾಡಿ ಕೊಟ್ಟರೆ ಆಯಿತಲ್ಲ. ಲೆಕ್ಕ ಚೆನ್ನಾಗಿಯೇ ಇತ್ತು.

ಫಿನ್‌ಲೆಂಡ್‌ನಲ್ಲಿ ಸಿಗರೇಟ್ ಸೇದುವ 29,133 ಗಂಡಸರ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ಬೀಟಾ ಕ್ಯಾರೋಟಿನ್ (ಕ್ಯಾರೆಟ್‌ಗೆ ಬಣ್ಣ ಕೊಡುವ ವಸ್ತು), ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಕೆಲವರಿಗೆ ಖಾಲಿ ಮಾತ್ರೆ. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಜಾಸ್ತಿ! ಕಡಿಮೆ ಅಲ್ಲ, ಜಾಸ್ತಿ. ಇದೇನೋ ಎಡವಟ್ಟು ಅಂತ ಅಂದುಕೊಳ್ಳುವಷ್ಟರಲ್ಲಿ ಅಮೆರಿಕದಲ್ಲಿ 18 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಯುತ್ತಿದ್ದ ಇನ್ನೊಂದು ಪ್ರಯೋಗವನ್ನು 1996ರ ಜನವರಿಯಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಅಲ್ಲಿ ಬೀಟಾ ಕ್ಯಾರೋಟಿನ್ ಮತ್ತು ವಿಟಮಿನ್ ಎ ಕೊಟ್ಟವರಲ್ಲಿ ಶೇಕಡಾ 28 ಜಾಸ್ತಿ. ಆಮೇಲೆ 35 ಸಾವಿರ ಗಂಡಸರ ಮೇಲೆ ವಿಟಮಿನ್ ಇ ಮತ್ತು ಸೆಲೆನಿಯಂ ಪ್ರಯೋಗ ನಡೆಯಿತು. ವಿಟಮಿನ್ ಇ ಒಂದನ್ನೇ ತಿಂದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17 ಜಾಸ್ತಿ ಅಂತ 2011ರಲ್ಲಿ ತಿಳಿಯಿತು.

ಆದರೆ ಕಥೆಯ ಇನ್ನೊಂದು ಮುಖ ಜನ ಹೇಳುವುದಿಲ್ಲ. ಚೀನಾದ ಲಿನ್‌ಶಿಯನ್‌ನಲ್ಲಿ 29 ಸಾವಿರಕ್ಕೂ ಹೆಚ್ಚು ಜನರಿಗೆ ಬೀಟಾ ಕ್ಯಾರೋಟಿನ್, ವಿಟಮಿನ್ ಇ, ಸೆಲೆನಿಯಂ ಸೇರಿಸಿ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಕ್ಯಾನ್ಸರ್ ಸಾವು ಶೇಕಡಾ 13 ಕಡಿಮೆಯಾಗಿತ್ತು. ಅದು 1993ರಲ್ಲಿ ಪ್ರಕಟವಾಯಿತು. ಅದೇ ವಸ್ತುಗಳು, ಉಲ್ಟಾ ಫಲಿತಾಂಶ! ಅಲ್ಲಿನವರ ಊಟದಲ್ಲಿ ಮೊದಲಿಂದಲೂ ಈ ಪೋಷಕಾಂಶಗಳ ಕೊರತೆ ಇತ್ತು. ಫಿನ್‌ಲೆಂಡ್‌ನವರಿಗೆ ಹೊಟ್ಟೆ ತುಂಬಿತ್ತು, ಮೇಲೆ ಸಿಗರೇಟ್ ಬೇರೆ. ಅದೇ ಸಿಮೆಂಟ್ ಮೂಟೆಯ ಲೆಕ್ಕ.

ನಾನೂ ಒಂದು ಕಾಲದಲ್ಲಿ ಇಂಥ ಬಣ್ಣಬಣ್ಣದ ಬಾಟಲಿ ತಂದು ಏಳೆಂಟು ತಿಂಗಳು ನುಂಗಿದ್ದೆ. ಯಾಕೆ ಅಂತ ಕೇಳಿದ್ದರೆ ಉತ್ತರ ಇರಲಿಲ್ಲ. ಸಿಗರೇಟ್ ಸೇದುವವರು ಬೀಟಾ ಕ್ಯಾರೋಟಿನ್ ಮಾತ್ರೆ ಹತ್ತಿರವೂ ಹೋಗಬೇಡಿ. ಕ್ಯಾರೆಟ್ ತಿನ್ನಿ, ಅದರಿಂದ ತೊಂದರೆ ಇಲ್ಲ.

ಪ್ಯಾಕೆಟ್ ಮೇಲೆ ಆಂಟಿಆಕ್ಸಿಡೆಂಟ್ ಅಂಕ ಬರೆದಿರುತ್ತಾರಲ್ಲ?

ಮರೆತುಬಿಡಿ. ಪರೀಕ್ಷಾ ನಳಿಕೆಯಲ್ಲಿ ಅಳೆದ ಅಂಕಕ್ಕೂ ಮೈಯೊಳಗೆ ಆಗುವುದಕ್ಕೂ ಸಂಬಂಧ ಕಡಿಮೆ. ಅಮೆರಿಕದ ಕೃಷಿ ಇಲಾಖೆ ಇಂಥ ಒಂದು ದೊಡ್ಡ ಪಟ್ಟಿ ಇಟ್ಟಿತ್ತು. ವ್ಯಾಪಾರಿಗಳು ಅದನ್ನು ಜಾಹೀರಾತಿಗೆ ಬಳಸುತ್ತಿದ್ದಾರೆ ಅಂತ 2012ರಲ್ಲಿ ತೆಗೆದೇ ಹಾಕಿತು.

ಹಣ್ಣು ತಿಂದರೆ ಡಿಎನ್‌ಎ ಹಾನಿ ಕಡಿಮೆಯಾಗಿದ್ದನ್ನು ಯಾರಾದರೂ ಕಣ್ಣಾರೆ ನೋಡಿದ್ದಾರಾ?

ನೋಡಿದ್ದಾರೆ. ಕಾಮೆಟ್ ಪರೀಕ್ಷೆ ಅಂತ ಒಂದಿದೆ. ರಕ್ತದ ಬಿಳಿ ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಜೆಲ್‌ನಲ್ಲಿ ಕೂರಿಸಿ, ಹೊರಪೊರೆ ಕರಗಿಸಿ, ವಿದ್ಯುತ್ ಹಾಯಿಸುತ್ತಾರೆ. ಡಿಎನ್‌ಎ ಗಟ್ಟಿಯಾಗಿದ್ದರೆ ಒಂದು ಉಂಡೆಯ ಹಾಗೆ ಅಲ್ಲೇ ಇರುತ್ತದೆ. ತುಂಡಾಗಿದ್ದರೆ ತುಣುಕುಗಳು ಒಂದು ಕಡೆಗೆ ಎಳೆದುಕೊಂಡು ಹೋಗಿ, ಸೂಕ್ಷ್ಮದರ್ಶಕದಲ್ಲಿ ಬಾಲ ಇರುವ ಧೂಮಕೇತುವಿನ ಹಾಗೆ ಹೊಳೆಯುತ್ತವೆ. ಬಾಲ ಉದ್ದವಾದಷ್ಟೂ ಹಾನಿ ಜಾಸ್ತಿ. ಚಿತ್ರ ಸಿಕ್ಕಿದರೆ ನೋಡಿ, ನಿಜಕ್ಕೂ ಚೆಂದ ಇರುತ್ತದೆ.

ಆಂಡ್ರ್ಯೂ ಕಾಲಿನ್ಸ್ ಅವರ ತಂಡ 14 ಜನರಿಗೆ ಮೂರು ವಾರ ದಿನಕ್ಕೆ ಒಂದರಿಂದ ಮೂರು ಕಿವಿ ಹಣ್ಣು ತಿನ್ನಿಸಿ ಈ ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿತು. ಆಕ್ಸಿಜನ್ ಹಾನಿ ಕಡಿಮೆಯಾಗಿತ್ತು, ಅಷ್ಟೇ ಅಲ್ಲ, ಕೋಶಗಳ ರಿಪೇರಿ ಶಕ್ತಿಯೂ ಹೆಚ್ಚಿತ್ತು. ಖುಷಿಯ ಸುದ್ದಿಯೇ. ಆದರೆ 14 ಜನ, ಮೂರು ವಾರ. ರಕ್ತದ ಕೋಶದಲ್ಲಿ ಬಾಲ ಗಿಡ್ಡ ಆಯಿತು ಅನ್ನುವುದಕ್ಕೂ, 30 ವರ್ಷ ಆದ ಮೇಲೆ ಕ್ಯಾನ್ಸರ್ ಬರಲಿಲ್ಲ ಅನ್ನುವುದಕ್ಕೂ ನಡುವೆ ಬಹಳ ದೂರ ಇದೆ. ಕಿವಿಯಲ್ಲೇ ಏನೋ ಮಂತ್ರ ಇದೆ ಅಂತಲೂ ನಾನು ನಂಬುವುದಿಲ್ಲ.

ಬ್ರೊಕೊಲಿ ಬಗ್ಗೆ ಯಾಕಿಷ್ಟು ಗದ್ದಲ?

ಅದಕ್ಕೆ ಕಾರಣ ಇದೆ. 1992ರಲ್ಲಿ ಪಾಲ್ ತಲಾಲೆ ಅವರ ಪ್ರಯೋಗಾಲಯ ಬ್ರೊಕೊಲಿಯಿಂದ ಸಲ್ಫೊರಾಫೇನ್ ಅನ್ನುವ ವಸ್ತು ಬೇರ್ಪಡಿಸಿತು. ಇದು ತಾನೇ ಹೋಗಿ ವಿಷದ ಜೊತೆ ಜಗಳ ಆಡುವುದಿಲ್ಲ. ಕೋಶಕ್ಕೆ ಒಂದು ಸಣ್ಣ ಗಾಬರಿ ಹುಟ್ಟಿಸುತ್ತದೆ, ಕೋಶ ಎಚ್ಚೆತ್ತು ತನ್ನದೇ ವಿಷ ತೆಗೆಯುವ ಎಂಜೈಮ್‌ಗಳನ್ನು ಜಾಸ್ತಿ ತಯಾರಿಸುತ್ತದೆ. ಆ ಎಂಜೈಮ್‌ಗಳು ದಿನಗಟ್ಟಲೆ ಕೆಲಸ ಮಾಡುತ್ತವೆ. ಚೀನಾದ ಚಿಡಾಂಗ್‌ನಲ್ಲಿ ಬ್ರೊಕೊಲಿ ಮೊಳಕೆಯ ಪಾನೀಯ ಕುಡಿದವರ ಮೂತ್ರದಲ್ಲಿ, ವಾಯುಮಾಲಿನ್ಯದಿಂದ ಒಳಹೋದ ಬೆಂಜೀನ್ ಶೇಕಡಾ 61ರಷ್ಟು ಹೆಚ್ಚು ಹೊರಗೆ ಹೋಗುತ್ತಿತ್ತು ಅಂತ 2014ರಲ್ಲಿ ವರದಿಯಾಯಿತು.

ಅಡುಗೆಮನೆಗೆ ಬೇಕಾದ ವಿಷಯ ಇನ್ನೊಂದಿದೆ. ಗಿಡದೊಳಗೆ ಸಲ್ಫೊರಾಫೇನ್ ತಯಾರಾಗಿ ಕೂತಿರುವುದಿಲ್ಲ. ಅದರ ಮೂಲವಸ್ತು ಒಂದು ಕೋಣೆಯಲ್ಲಿ, ಅದನ್ನು ಒಡೆಯುವ ಎಂಜೈಮ್ ಪಕ್ಕದ ಕೋಣೆಯಲ್ಲಿ. ಕತ್ತರಿಸಿದಾಗ, ಅಗಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ. ಕತ್ತರಿಸಿದ ತಕ್ಷಣ ಕುದಿಯುವ ನೀರಿಗೆ ಹಾಕಿದರೆ ಎಂಜೈಮ್ ಸತ್ತುಹೋಗುತ್ತದೆ. ಹಾಗಾಗಿ ಸಣ್ಣಗೆ ಹೆಚ್ಚಿ ಅರ್ಧ ಗಂಟೆ ಮುಕ್ಕಾಲು ಗಂಟೆ ಹಾಗೇ ಬಿಟ್ಟು, ಆಮೇಲೆ ಹಬೆಯಲ್ಲಿ ಸ್ವಲ್ಪ ಹೊತ್ತು ಬೇಯಿಸಿ. ಮೊದಲೇ ಬೇಯಿಸಿಬಿಟ್ಟಿದ್ದರೆ ಮೇಲೆ ಚಿಟಿಕೆ ಹಸಿ ಸಾಸಿವೆ ಪುಡಿ ಉದುರಿಸಿ, ಅದರಲ್ಲೂ ಅದೇ ಎಂಜೈಮ್ ಇದೆ. ಎಲೆಕೋಸು, ಹೂಕೋಸು, ಮೂಲಂಗಿ ಎಲ್ಲ ಇದೇ ಬಳಗ. ಬ್ರೊಕೊಲಿ ಸಿಗಲಿಲ್ಲ ಅಂತ ಕೊರಗಬೇಕಾಗಿಲ್ಲ.

ಆಹಾರದಲ್ಲೇ ಇರುವ, ಡಿಎನ್‌ಎಗೆ ನೇರವಾಗಿ ಹೊಡೆಯುವ ವಸ್ತುಗಳು ಯಾವುವು?

ಏನು ತಿನ್ನಬೇಕು ಅಂತ ಎಲ್ಲರೂ ಕೇಳುತ್ತಾರೆ, ಏನು ಬಿಡಬೇಕು ಅಂತ ಕೇಳುವವರು ಕಡಿಮೆ. ಅಲ್ಲೇ ಪುರಾವೆ ಜಾಸ್ತಿ ಗಟ್ಟಿ ಇರುವುದು.

ಮೊದಲನೆಯದು ಬೂಷ್ಟಿನ ವಿಷ. 1960ರಲ್ಲಿ ಇಂಗ್ಲೆಂಡ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತವು. ಯಾವ ರೋಗ ಅಂತ ತಿಳಿಯದೆ ಟರ್ಕಿ ಎಕ್ಸ್ ರೋಗ ಅಂದರು. ಕೊನೆಗೆ ಸಿಕ್ಕಿಬಿದ್ದದ್ದು ಮೇವಿನಲ್ಲಿದ್ದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಅದರೊಳಗಿನ ಅಫ್ಲಾಟಾಕ್ಸಿನ್. ಇದನ್ನು ನಮ್ಮ ಯಕೃತ್ತು ಹೊರಹಾಕಲು ಹೋಗಿ ಇನ್ನೂ ಚುರುಕಾದ ರೂಪಕ್ಕೆ ತಿರುಗಿಸುತ್ತದೆ, ಆ ರೂಪ ನೇರವಾಗಿ ಜಿ ಅಕ್ಷರಕ್ಕೆ ಹೋಗಿ ಅಂಟುತ್ತದೆ. ಪಿ53 ಜೀನ್‌ನ 249ನೆಯ ಜಾಗದಲ್ಲಿ ಜಿ ಹೋಗಿ ಟಿ ಆಗುವುದು ಇದರ ಗುರುತು, ಕಳ್ಳ ಬಿಟ್ಟುಹೋದ ಬೆರಳಚ್ಚಿನ ಹಾಗೆ. ಹೆಪಟೈಟಿಸ್ ಬಿ ಇದ್ದವರಿಗಂತೂ ಯಕೃತ್ತಿನ ಕ್ಯಾನ್ಸರ್ ಅಪಾಯ ಹಲವು ಪಟ್ಟು ಏರುತ್ತದೆ. ಮಾಮೂಲಿ ಅಡುಗೆಯ ಬಿಸಿಗೆ ಈ ವಿಷ ಪೂರ್ತಿ ಹೋಗುವುದಿಲ್ಲ. ಕಡಲೆಕಾಯಿ, ಜೋಳ, ಬೀಜಗಳು ಮುಗ್ಗಲು ವಾಸನೆ ಹೊಡೆದರೆ, ಬಣ್ಣ ಕೆಟ್ಟಿದ್ದರೆ, ಸುಕ್ಕಾಗಿದ್ದರೆ ಬಿಸಾಕಿ. ತೊಳೆದು, ಹುರಿದು ಉಳಿಸಿಕೊಳ್ಳುವ ಜಾಣತನ ಬೇಡ. ಚಿಡಾಂಗ್‌ನಲ್ಲೇ 180 ಜನರಿಗೆ ಊಟದ ಜೊತೆ ಕ್ಲೋರೊಫಿಲಿನ್, ಅಂದರೆ ಎಲೆಯ ಹಸಿರಿನಿಂದ ಮಾಡಿದ ವಸ್ತು ಕೊಟ್ಟಾಗ, ಡಿಎನ್‌ಎಗೆ ಅಂಟಿ ಹೊರಬರುವ ಅಫ್ಲಾಟಾಕ್ಸಿನ್ ಗುರುತು ಶೇಕಡಾ 55 ಇಳಿದಿತ್ತು. ಅದು ವಿಷವನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ.

ಎರಡನೆಯದು ಮದ್ಯ. ಮೈಯಲ್ಲಿ ಅದು ಅಸಿಟಾಲ್ಡಿಹೈಡ್ ಆಗುತ್ತದೆ, ಅದು ಡಿಎನ್‌ಎಗೆ ಹಾನಿ ಮಾಡುತ್ತದೆ. ಸ್ವಲ್ಪ ಕುಡಿದರೂ ಮುಖ ಕೆಂಪಾಗುವವರಿಗೆ ಆ ವಸ್ತುವನ್ನು ಕರಗಿಸುವ ಎಂಜೈಮ್ ದುರ್ಬಲ ಇರಬಹುದು, ಪೂರ್ವ ಏಷ್ಯಾದವರಲ್ಲಿ ಇದು ತುಂಬಾ ಸಾಮಾನ್ಯ. ಅವರಿಗೆ ಅನ್ನನಾಳದ ಕ್ಯಾನ್ಸರ್ ಅಪಾಯ ಜಾಸ್ತಿ. ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಒಂದು ಗ್ಲಾಸ್ ವೈನ್ ಹೃದಯಕ್ಕೆ ಒಳ್ಳೆಯದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಮೂರನೆಯದು ಸಂಸ್ಕರಿಸಿದ ಮಾಂಸ: ಸಾಸೇಜ್, ಬೇಕನ್, ಹ್ಯಾಮ್. ಅದು ಕೆಡದಿರಲಿ ಅಂತ ಹಾಕುವ ನೈಟ್ರೈಟ್‌ನಿಂದ ಹೊಟ್ಟೆಯೊಳಗೆ ಡಿಎನ್‌ಎಗೆ ಪೆಟ್ಟು ಕೊಡುವ ನೈಟ್ರೊಸೊ ವಸ್ತುಗಳು ತಯಾರಾಗಬಲ್ಲವು. 2015ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿತು. ತಂಬಾಕು ಕೂಡ ಅದೇ ಗುಂಪು, ಹಾಗಂತ ಎರಡೂ ಒಂದೇ ಅಲ್ಲ. ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತಲ್ಲ. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇಕಡಾ 18 ಏರುತ್ತದೆ. ನೂರರಲ್ಲಿ ಐದು ಜನರಿಗೆ ಬರುತ್ತಿತ್ತು ಅಂದುಕೊಂಡರೆ, ಹೆಚ್ಚುಕಮ್ಮಿ ಆರು ಜನರಿಗೆ ಬಂದ ಹಾಗೆ.

ಕಪ್ಪಾಗಿ ಸುಟ್ಟದ್ದು, ಕರಿದದ್ದು?

ಮಾಂಸ, ಮೀನನ್ನು ಬೆಂಕಿಯ ಮೇಲೆ ಕಪ್ಪಾಗುವಷ್ಟು ಸುಟ್ಟಾಗ ಡಿಎನ್‌ಎಗೆ ಅಂಟುವ ವಸ್ತುಗಳು ಹುಟ್ಟುತ್ತವೆ. 1970ರ ದಶಕದಲ್ಲಿ ಜಪಾನಿನ ತಕಾಶಿ ಸುಗಿಮುರಾ ಮೀನು ಸುಡುವ ಹೊಗೆಯಿಂದ ಶುರು ಮಾಡಿ ಇದನ್ನು ಹಿಡಿದರು. ಮಸಾಲೆಯಲ್ಲಿ ನೆನೆಸಿಟ್ಟರೆ, ಉರಿ ಕಡಿಮೆ ಮಾಡಿ ಆಗಾಗ ಮಗುಚಿದರೆ ಬಹಳಷ್ಟು ಕಡಿಮೆಯಾಗುತ್ತದೆ.

ಆಲೂಗಡ್ಡೆ, ಬ್ರೆಡ್‌ನ ವಿಷಯ ಬೇರೆ. 120 ಡಿಗ್ರಿ ದಾಟಿದ ಮೇಲೆ ಅದರಲ್ಲಿ ಅಕ್ರಿಲಮೈಡ್ ಆಗುತ್ತದೆ ಅಂತ 2002ರಲ್ಲಿ ಸ್ವೀಡನ್‌ನವರು ಹೇಳಿದಾಗ ದೊಡ್ಡ ಗಲಾಟೆಯಾಯಿತು. ಇಲಿಗಳಲ್ಲಿ ಕ್ಯಾನ್ಸರ್ ತರುತ್ತದೆ, ಮನುಷ್ಯರ ಊಟದ ಅಧ್ಯಯನಗಳಲ್ಲಿ ಅಷ್ಟು ಸ್ಪಷ್ಟ ಸಂಬಂಧ ಕಂಡಿಲ್ಲ. ಟೋಸ್ಟ್ ಬಂಗಾರದ ಬಣ್ಣಕ್ಕೆ ಬಂದಾಗ ತೆಗೆದರೆ ಸಾಕು, ಅಷ್ಟಕ್ಕಿಂತ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ವಂಶದಲ್ಲೇ ಕ್ಯಾನ್ಸರ್ ಇದೆ. ಊಟದಿಂದ ಏನಾದರೂ ಪ್ರಯೋಜನ ಇದೆಯಾ?

ಮೊದಲು ಊಟ ಬದಿಗಿಡಿ. ಡಾಕ್ಟರ್ ಹತ್ತಿರ ಹೋಗಿ, ಜೀನ್ ಪರೀಕ್ಷೆ ಬೇಕಾ, ಎಷ್ಟು ವರ್ಷಕ್ಕೊಮ್ಮೆ ತಪಾಸಣೆ ಬೇಕು ಅಂತ ಕೇಳಿ. ಯಾವ ಸೊಪ್ಪೂ ಆ ತಪಾಸಣೆಯ ಜಾಗ ತುಂಬುವುದಿಲ್ಲ.

ಅಷ್ಟು ಹೇಳಿದ ಮೇಲೆ ಒಂದು ಆಸಕ್ತಿಯ ಪ್ರಯೋಗ. ಲಿಂಚ್ ಸಿಂಡ್ರೋಮ್ ಅಂತ ಇದೆ, ಮಾಡ್ರಿಚ್ ನೊಬೆಲ್ ಪಡೆದ ಆ ರಿಪೇರಿ ದಾರಿಯೇ ಹುಟ್ಟಿನಿಂದ ಕೆಟ್ಟಿರುವ ಸ್ಥಿತಿ. ಇವರಿಗೆ ಕರುಳು ಮತ್ತು ಇನ್ನೂ ಕೆಲವು ಅಂಗಗಳ ಕ್ಯಾನ್ಸರ್ ಅಪಾಯ ತುಂಬಾ ಜಾಸ್ತಿ. ಹೆಚ್ಚುಕಮ್ಮಿ ಸಾವಿರ ಜನರಲ್ಲಿ ಕೆಲವರಿಗೆ ಸರಾಸರಿ ಎರಡು ವರ್ಷ ದಿನಾ 30 ಗ್ರಾಂ ಜೀರ್ಣವಾಗದ ಪಿಷ್ಟದ ಪುಡಿ ಕೊಟ್ಟು, ವರ್ಷಗಟ್ಟಲೆ ಕಾದು, 2022ರಲ್ಲಿ ಲೆಕ್ಕ ಕೊಟ್ಟರು. ಕರುಳಿನ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ. ಆದರೆ ಜಠರ, ಮೇದೋಜೀರಕ, ಪಿತ್ತನಾಳದಂಥ ಬೇರೆ ಕ್ಯಾನ್ಸರ್‌ಗಳು ಸುಮಾರು ಶೇಕಡಾ 60 ಕಡಿಮೆಯಾಗಿದ್ದವು. ಯಾರೂ ಇದನ್ನು ನಿರೀಕ್ಷಿಸಿರಲಿಲ್ಲ, ಹಾಗಾಗಿ ಇನ್ನೊಮ್ಮೆ ಮಾಡಿ ನೋಡುವವರೆಗೆ ನಾನು ಕುಣಿದಾಡುವುದಿಲ್ಲ. ಈ ಪಿಷ್ಟ ಸ್ವಲ್ಪ ಕಾಯಿ ಇರುವ ಬಾಳೆಹಣ್ಣು, ಬೇಯಿಸಿ ಆರಿಸಿದ ಆಲೂಗಡ್ಡೆ, ಕಾಳುಗಳಲ್ಲಿ ಇರುತ್ತದೆ.

ಜೀನ್ ಕೆಟ್ಟಿದ್ದರೂ ಊಟವೇ ಕಾಯಿಲೆಯನ್ನು ತಡೆದ ಉದಾಹರಣೆ ಬೇಕಾದರೆ ಫಿನೈಲ್‌ಕೀಟೋನ್ಯೂರಿಯಾ ನೋಡಿ. ಪ್ರೋಟೀನ್‌ನ ಫಿನೈಲ್‌ಅಲನಿನ್ ಅನ್ನುವ ಒಂದು ತುಣುಕನ್ನು ಈ ಮಕ್ಕಳ ಮೈ ಕರಗಿಸಲಾರದು, ಅದು ತುಂಬಿಕೊಂಡು ಮೆದುಳು ಹಾಳಾಗುತ್ತದೆ. ಹುಟ್ಟಿದ ಕೂಡಲೇ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪತ್ತೆಹಚ್ಚಿ, ಮೊದಲ ವಾರಗಳಿಂದಲೇ ಅದು ಕಡಿಮೆ ಇರುವ ಆಹಾರ ಕೊಟ್ಟರೆ ಮಗು ಎಲ್ಲರ ಹಾಗೆ ಬೆಳೆಯುತ್ತದೆ. ಜೀನ್ ಹಾಗೇ ಇದೆ, ಕಾಯಿಲೆ ಇಲ್ಲ.

ನಾನು ತಿಂದದ್ದು ನನ್ನ ಮಕ್ಕಳ ಜೀನ್ ಮೇಲೆ ಪರಿಣಾಮ ಮಾಡುತ್ತಾ?

ಅಕ್ಷರ ಬದಲಾಗುವುದು ಬೇರೆ, ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅಂತ ಹೇಳುವ ಗುರುತು ಅಕ್ಷರದ ಮೇಲೆ ಬೀಳುವುದು ಬೇರೆ. 1944-45ರ ಚಳಿಗಾಲದಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಯುದ್ಧದ ಬರಗಾಲ ಬಂದಾಗ ಗರ್ಭದಲ್ಲಿ ಮೂಡಿದ ಮಕ್ಕಳನ್ನು ಅರವತ್ತು ವರ್ಷ ಆದ ಮೇಲೆ ಪರೀಕ್ಷಿಸಿದರು. ಬೆಳವಣಿಗೆಗೆ ಸಂಬಂಧಪಟ್ಟ ಒಂದು ಜೀನ್ ಮೇಲಿನ ರಾಸಾಯನಿಕ ಗುರುತುಗಳು ಅವರ ಒಡಹುಟ್ಟಿದವರಿಗಿಂತ ಕಡಿಮೆ ಇದ್ದವು. 2008ರಲ್ಲಿ ಇದು ಪ್ರಕಟವಾಯಿತು. ಅದು ಘೋರ ಹಸಿವಿನ ಕಥೆ. ಬಸುರಿಯಾಗಿದ್ದಾಗ ಒಂದು ವಾರ ಬರೀ ನೂಡಲ್ಸ್ ತಿಂದೆ ಅಂತ ಹೆದರಿ ಬರೆಯುವವರಿಗೆ ಇದು ಅನ್ವಯಿಸುವುದಿಲ್ಲ, ನಿದ್ದೆ ಮಾಡಿ.

ಜೀನ್ ಪರೀಕ್ಷೆ ಮಾಡಿ ನನಗೇ ತಕ್ಕ ಡಯಟ್ ಕೊಡುತ್ತೇವೆ ಅನ್ನುತ್ತಾರಲ್ಲ?

ದುಡ್ಡು ಉಳಿಸಿ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಒಂದು ವರ್ಷ ಕಡಿಮೆ ಕೊಬ್ಬು ಅಥವಾ ಕಡಿಮೆ ಕಾರ್ಬೊಹೈಡ್ರೇಟ್ ಊಟದಲ್ಲಿ ಇಟ್ಟು ನೋಡಿದರು. ಯಾರಿಗೆ ಯಾವುದು ಹೊಂದುತ್ತದೆ ಅಂತ ಜೀನ್ ನೋಡಿ ಹೇಳಲು ಆಗಲಿಲ್ಲ. ಮೇಲೆ ಹೇಳಿದ ಲಿಂಚ್‌ನಂಥ ಕಾಯಿಲೆಗಳಿಗೆ ಡಾಕ್ಟರ್ ಬರೆದುಕೊಡುವ ಪರೀಕ್ಷೆ ಬೇರೆ, ಇದು ಬೇರೆ.

ನಾರಿನಂಶದ ಬಗ್ಗೆ ಏನೂ ಹೇಳಲಿಲ್ಲ?

ಹೇಳಲೇಬೇಕು. ನಾರು ನಮಗೆ ಜೀರ್ಣವಾಗುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದೇ ಹಬ್ಬ. ಅವು ಅದನ್ನು ಹುಳಿಸಿ ಬ್ಯುಟಿರೇಟ್ ಮಾಡುತ್ತವೆ, ಅದು ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ. 2015ರಲ್ಲಿ ಪ್ರಕಟವಾದ ಒಂದು ಚೆಂದದ ಪ್ರಯೋಗದಲ್ಲಿ 20 ಜನ ಆಫ್ರಿಕನ್ ಅಮೆರಿಕನ್ನರಿಗೆ ದಕ್ಷಿಣ ಆಫ್ರಿಕಾದ ಹಳ್ಳಿಯ ಊಟ, 20 ಜನ ಹಳ್ಳಿಯವರಿಗೆ ಅಮೆರಿಕದ ಊಟ, ಎರಡೇ ವಾರ ಅದಲು ಬದಲು ಮಾಡಿದರು. ನಾರು ಹೆಚ್ಚಾದವರಲ್ಲಿ ಬ್ಯುಟಿರೇಟ್ ಏರಿತು, ಕರುಳಿನ ಕೋಶಗಳು ಅತಿಯಾಗಿ ಎರಡಾಗುವುದು ಇಳಿಯಿತು. ಇನ್ನೊಂದು ಗುಂಪಿನಲ್ಲಿ ಎಲ್ಲ ಉಲ್ಟಾ. ಕೋಶ ನಿಧಾನವಾಗಿ ಎರಡಾದರೆ ರಿಪೇರಿಗೆ ಸಮಯ ಸಿಗುತ್ತದೆ, ಆ ಕೆಟ್ಟ ಜಿ ಅಕ್ಷರದ ಕಥೆ ನೆನಪಿದೆಯಲ್ಲ.

ಈಗ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ. ಇವನ್ನೆಲ್ಲ ಶುರು ಮಾಡಬಹುದಾ?

ಡಾಕ್ಟರ್‌ಗೆ ಹೇಳದೆ ಯಾವ ಮಾತ್ರೆ, ಪುಡಿ, ಕಷಾಯವೂ ಬೇಡ. ರೇಡಿಯೇಷನ್ ಮತ್ತು ಹಲವು ಕೀಮೋ ಔಷಧಿಗಳು ಕೆಲಸ ಮಾಡುವುದೇ ಕ್ಯಾನ್ಸರ್ ಕೋಶದ ಡಿಎನ್‌ಎ ಒಡೆದು. ಆ ಹೊತ್ತಿನಲ್ಲಿ ಡಿಎನ್‌ಎ ಕಾಪಾಡುತ್ತದೆ ಅನ್ನುವ ಮಾತ್ರೆ ಯಾರ ಪರ ನಿಲ್ಲುತ್ತದೆ, ನೀವೇ ಯೋಚಿಸಿ. ಮಾಮೂಲಿ ಊಟದ ಹಣ್ಣು ತರಕಾರಿ ಬೇರೆ ವಿಷಯ.

ಒಟ್ಟು ಕ್ಯಾನ್ಸರ್‌ನಲ್ಲಿ ಊಟದ ಪಾಲು ಎಷ್ಟು?

1981ರಲ್ಲಿ ರಿಚರ್ಡ್ ಡಾಲ್ ಮತ್ತು ರಿಚರ್ಡ್ ಪೀಟೋ ಅಮೆರಿಕದ ಕ್ಯಾನ್ಸರ್ ಸಾವುಗಳಲ್ಲಿ ಶೇಕಡಾ 35 ಅಂದರು. ಆ 35 ಎಲ್ಲ ಕಡೆ ಓಡಾಡುತ್ತದೆ. ಅದರ ಪಕ್ಕದಲ್ಲೇ ಅವರು 10ರಿಂದ 70ರ ನಡುವೆ ಎಲ್ಲಾದರೂ ಇರಬಹುದು ಅಂತ ಬರೆದಿದ್ದರು, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ತೂಕದ ಲೆಕ್ಕ ಇನ್ನೂ ಸ್ಪಷ್ಟವಾಗಿದೆ: ಮೈಯಲ್ಲಿ ಕೊಬ್ಬು ಅತಿಯಾಗದಿದ್ದರೆ 13 ಥರದ ಕ್ಯಾನ್ಸರ್ ಅಪಾಯ ತಗ್ಗುತ್ತದೆ ಅಂತ ಅದೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ತೀರ್ಮಾನಿಸಿತು. ಇನ್ನು ಸರಿಯಾಗಿ ಉಂಡು, ಸಿಗರೇಟ್ ಮುಟ್ಟದೆ ಬದುಕಿದವರಿಗೂ ಕ್ಯಾನ್ಸರ್ ಬರುತ್ತದೆ. ಕೋಶ ನಕಲಾಗುವಾಗ ತಾನಾಗೇ ಆಗುವ ತಪ್ಪುಗಳೂ ಇವೆ. ಕಾಯಿಲೆ ಬಂದವರಿಗೆ ಏನು ತಿನ್ನುತ್ತಿದ್ದೆ ಅಂತ ವಿಚಾರಣೆ ಮಾಡಲು ಹೋಗಬೇಡಿ.

ನನಗೆ ಸೊಪ್ಪು ಸೇರೋದೇ ಇಲ್ಲ. ಏನು ಮಾಡಲಿ?

ದಿನಕ್ಕೆ ಹಣ್ಣು ತರಕಾರಿ ಸೇರಿ 400 ಗ್ರಾಂ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದರಲ್ಲಿ ಸೊಪ್ಪೇ ಇರಬೇಕು ಅಂತಿಲ್ಲ. ಫೋಲೇಟ್‌ಗೆ ಬೇಳೆ ಕಾಳು ಹಿಡಿಯಿರಿ. ಬೇಯಿಸಿದ ಮಸೂರ ಒಂದು ಕಪ್ಪಿನಲ್ಲಿ ಸುಮಾರು 350 ಮೈಕ್ರೋಗ್ರಾಂ ಫೋಲೇಟ್ ಇದೆ, ಕಡಲೆಕಾಳಿನಲ್ಲಿ 280ರ ಹತ್ತಿರ. ಬೇಯಿಸಿದ ನೀರು ಮಾತ್ರ ಚೆಲ್ಲಬೇಡಿ.